ಟೈಲ್ಸ್ ಅಂಟಿಸುವ ಮುನ್ನ: ಷವರ್‌ಗೆ ನೀರಿನ ದಾರಿ ಯೋಜಿಸುವುದು ಹೇಗೆ?

ಷವರ್‌ನ ತಲೆಯನ್ನು ಬದಲಿಸಲು ಒಂದು ಸ್ಪ್ಯಾನರ್ ಮತ್ತು ಹತ್ತು ನಿಮಿಷ ಸಾಕು. ಆದರೆ ಅದರ ಹಿಂದೆ ಗೋಡೆಯೊಳಗೆ ಹುದುಗಿರುವ ಒಂದೇ ಒಂದು ಎಲ್ಬೋ, ಅಂದರೆ ಕೊಳವೆ ತಿರುಗುವಲ್ಲಿ ಹಾಕುವ ಬಾಗಿದ ತುಂಡು, ಬದಲಿಸಬೇಕಾದರೆ ಟೈಲ್ಸ್ ಒಡೆಯಬೇಕು, ಜಲನಿರೋಧಕ ಪದರವನ್ನು ಹರಿಯಬೇಕು, ಗಾರೆ ಕೆತ್ತಬೇಕು, ಆಮೇಲೆ ಅದೇ ಬಣ್ಣದ ಟೈಲ್ಸ್ ಇನ್ನೂ ಸಿಗುತ್ತದೆಯೇ ಎಂದು ಹುಡುಕಬೇಕು. ಹೀಗಿದ್ದೂ ಬಚ್ಚಲುಮನೆಯನ್ನು ನವೀಕರಿಸುವವರು ಹೆಚ್ಚು ಹೊತ್ತು ಕಳೆಯುವುದು ಕಣ್ಣಿಗೆ ಕಾಣುವ ಷವರ್‌ನ ಆಯ್ಕೆಯಲ್ಲಿ. ಕಾಣದ ಕೊಳವೆಗಳ ವಿಷಯವನ್ನು ಕೆಲಸದ ದಿನ ಬೆಳಿಗ್ಗೆ ಗೋಡೆಯ ಮುಂದೆ ನಿಂತು ತೀರ್ಮಾನಿಸುತ್ತಾರೆ. ಈ ಕ್ರಮ ತಲೆಕೆಳಗಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಷವರ್ ನೀರನ್ನು ಸೃಷ್ಟಿಸುವುದಿಲ್ಲ, ಮನೆಯಲ್ಲಿರುವ ನೀರನ್ನು ಹಂಚುತ್ತದೆ. ಎಷ್ಟು ನೀರು ಬರುತ್ತದೆ, ಅದರಲ್ಲಿ ಎಷ್ಟನ್ನು ಬಿಸಿ ಮಾಡಬಹುದು, ಬಿದ್ದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಷವರ್ ಯಾವುದೆಂದು ಆರಿಸಬೇಕು.

ಮೊದಲನೆಯ ಪ್ರಶ್ನೆಗೆ ಉತ್ತರ ಪಡೆಯಲು ಬೇಕಾದ ಸಲಕರಣೆ ಒಂದು ಬಕೆಟ್ ಮತ್ತು ಒಂದು ಗಡಿಯಾರ. ಈಗಿರುವ ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, 10 ಲೀಟರ್‌ನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ನೋಡಬೇಕು. 60 ಸೆಕೆಂಡ್ ಹಿಡಿದರೆ ಹರಿವು ನಿಮಿಷಕ್ಕೆ 10 ಲೀಟರ್. 40 ಸೆಕೆಂಡ್ ಹಿಡಿದರೆ 15 ಲೀಟರ್. ಇದೇ ಪರೀಕ್ಷೆಯನ್ನು ಮನೆಯ ಇನ್ನೊಂದು ನಲ್ಲಿ ತೆರೆದಿರುವಾಗ ಮತ್ತೊಮ್ಮೆ ಮಾಡುವುದು ಒಳ್ಳೆಯದು, ಏಕೆಂದರೆ ಒಬ್ಬರು ಸ್ನಾನ ಮಾಡುವಾಗ ಉಳಿದವರು ನೀರು ಬಳಸದೆ ಕಾಯುವುದಿಲ್ಲ. ಹರಿವಿನ ಜೊತೆಗೆ ಒತ್ತಡವನ್ನೂ ತಿಳಿಯಬೇಕು. ಮೇಲಿನ ಟ್ಯಾಂಕಿನಿಂದ ತಾನಾಗಿಯೇ ಇಳಿದು ಬರುವ ನೀರಾದರೆ ಲೆಕ್ಕ ಸರಳ: ಟ್ಯಾಂಕಿನಲ್ಲಿರುವ ನೀರಿನ ಮಟ್ಟಕ್ಕೂ ಷವರ್ ತಲೆಗೂ ನಡುವಿನ ಎತ್ತರದಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು 1 ಬಾರ್ ಒತ್ತಡ. ಅಂದರೆ ಟ್ಯಾಂಕು ಷವರ್‌ಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ, ಅದರಲ್ಲೂ ಒಂದು ಪಾಲು ದಾರಿಯ ತಿರುವುಗಳಲ್ಲಿ ಕಳೆದುಹೋಗುತ್ತದೆ. ದೊಡ್ಡ ರೇನ್ ಷವರ್‌ಗಳ ಪೆಟ್ಟಿಗೆಯ ಮೇಲೆ ಕನಿಷ್ಠ ಒತ್ತಡ ಇಷ್ಟಿರಬೇಕು ಎಂದು ಮುದ್ರಿಸಿರುತ್ತಾರೆ. ಅದು 1 ಬಾರ್ ಎಂದಿದ್ದರೆ ಈ ಮನೆಯಲ್ಲಿ ಆ ಷವರ್‌ನಿಂದ ಮಳೆ ಬೀಳದು, ತಲೆಯ ನಡುವಿನ ಕೆಲವು ತೂತುಗಳಿಂದ ನೀರು ತೊಟ್ಟಿಕ್ಕುತ್ತದೆ. ಆಗ ಇರುವ ದಾರಿಗಳು ಎರಡೇ. ಕಡಿಮೆ ಒತ್ತಡಕ್ಕೆಂದೇ ತಯಾರಾದ ಸಣ್ಣ ಷವರ್ ಆರಿಸಬೇಕು, ಇಲ್ಲವೇ ಒತ್ತಡ ಹೆಚ್ಚಿಸುವ ಪಂಪ್ ಕೂರಿಸಬೇಕು. ಪಂಪ್ ಎಂದಾದರೆ ಅದರ ಜಾಗ, ವಿದ್ಯುತ್ ಸಂಪರ್ಕ ಮತ್ತು ಸದ್ದಿನ ಬಗ್ಗೆ ಈಗಲೇ ಯೋಚಿಸಬೇಕು.

ಹರಿವು ತಿಳಿದ ಮೇಲೆ ಬೇಡಿಕೆಯ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಲೆಯ ಮೇಲಿನ ಷವರ್‌ಗೆ ನಿಮಿಷಕ್ಕೆ 12 ಲೀಟರ್, ಕೈಷವರ್‌ಗೆ 8, ಗೋಡೆಯಿಂದ ಮೈಗೆ ಚಿಮ್ಮುವ ನಾಲ್ಕು ಜೆಟ್‌ಗಳಿಗೆ ತಲಾ 3 ಎಂದಿಟ್ಟುಕೊಂಡರೆ, ಎಲ್ಲವನ್ನೂ ಒಟ್ಟಿಗೆ ತೆರೆದಾಗ ನಿಮಿಷಕ್ಕೆ 32 ಲೀಟರ್ ಬೇಕು. ಬಕೆಟ್ ಪರೀಕ್ಷೆಯಲ್ಲಿ 15 ಲೀಟರ್ ಬಂದಿದ್ದ ನಲ್ಲಿಯ ಕೊಳವೆಗೆ ಇದನ್ನೆಲ್ಲ ಜೋಡಿಸಿದರೆ ಪ್ರತಿಯೊಂದಕ್ಕೂ ಅರೆಹೊಟ್ಟೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಇವೆಲ್ಲ ನಿಜವಾಗಿಯೂ ಒಟ್ಟಿಗೆ ಓಡಬೇಕೇ ಎಂಬುದು. ಒಮ್ಮೆಗೆ ಒಂದನ್ನೇ ತೆರೆಯುವ ಡೈವರ್ಟರ್ ಹಾಕಿದರೆ ಬೇಡಿಕೆ 32ರಿಂದ 12ಕ್ಕೆ ಇಳಿಯುತ್ತದೆ, ಕೊಳವೆ, ಗೀಸರ್, ನೆಲದ ಜಾಲರಿ ಎಲ್ಲವೂ ಸಣ್ಣದಾಗುತ್ತವೆ. ಜೆಟ್‌ಗಳು ಬೇಕೇ ಬೇಕು ಎಂದಾದರೆ, ಅವನ್ನು ಒಂದರ ನಂತರ ಒಂದಾಗಿ ಸಾಲಿನಲ್ಲಿ ಜೋಡಿಸದೆ, ಕೊಳವೆಯ ಎರಡು ತುದಿಗಳೂ ಕೂಡುವಂತೆ ಉಂಗುರದ ಆಕಾರದಲ್ಲಿ ಜೋಡಿಸಬೇಕು. ಆಗ ಪ್ರತಿ ಜೆಟ್‌ಗೂ ಎರಡೂ ಕಡೆಯಿಂದ ನೀರು ಬರುವುದರಿಂದ ಮೊದಲನೆಯದು ಜೋರಾಗಿ, ಕೊನೆಯದು ಸೋತು ಚಿಮ್ಮುವ ತೊಂದರೆ ಇರುವುದಿಲ್ಲ.

ಕೊಳವೆಯ ಗಾತ್ರದಲ್ಲಿ ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ನಡುವೆ ವ್ಯತ್ಯಾಸ ಅಲ್ಪವೆಂದು ತೋರುತ್ತದೆ. ಆದರೆ ನೀರು ಹರಿಯುವುದು ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ; ಅದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಘರ್ಷಣೆಯಿಂದ ಆಗುವ ಒತ್ತಡದ ನಷ್ಟವಂತೂ, ಅಷ್ಟೇ ನೀರು ಹರಿಯುವಾಗ, ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯ 32 ಲೀಟರನ್ನು ಅರ್ಧ ಇಂಚಿನ ಒಂದೇ ಕೊಳವೆಯಲ್ಲಿ ತಂದರೆ ನೀರಿನ ವೇಗ ಸೆಕೆಂಡಿಗೆ 4 ಮೀಟರ್ ದಾಟುತ್ತದೆ, ಕೊಳವೆ ಸದ್ದು ಮಾಡುತ್ತದೆ, ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಗೋಡೆಯೊಳಗೆ ಸುತ್ತಿಗೆಯಿಂದ ಬಡಿದಂತಾಗುತ್ತದೆ. ಮುಕ್ಕಾಲು ಇಂಚಿನಲ್ಲಿ ಅದೇ ನೀರು ಸುಮಾರು 2 ಮೀಟರ್ ವೇಗದಲ್ಲಿ ಬರುತ್ತದೆ. ಹಾಗೆಂದು ಎಲ್ಲವನ್ನೂ ದಪ್ಪ ಮಾಡುವುದು ಪರಿಹಾರವಲ್ಲ. ಬಿಸಿನೀರಿನ ಕೊಳವೆಯಲ್ಲಿ ಹಿಂದಿನ ಸ್ನಾನದ ನೀರು ತಣ್ಣಗಾಗಿ ನಿಂತಿರುತ್ತದೆ, ಅದು ಪೂರ್ತಿ ಹೊರಬಿದ್ದ ಮೇಲೆಯೇ ಬಿಸಿ ಬರುವುದು. ಗೀಸರ್‌ನಿಂದ ಷವರ್‌ಗೆ 12 ಮೀಟರ್ ದೂರವಿದ್ದರೆ ಅರ್ಧ ಇಂಚಿನ ಕೊಳವೆಯಲ್ಲಿ ಒಂದೂವರೆ ಲೀಟರ್, ಮುಕ್ಕಾಲು ಇಂಚಿನಲ್ಲಿ ಸುಮಾರು ಮೂರೂವರೆ ಲೀಟರ್ ಪ್ರತಿ ಬಾರಿಯೂ ವ್ಯರ್ಥ. ಆದ್ದರಿಂದ ಗೀಸರನ್ನು ಷವರ್‌ಗೆ ಆದಷ್ಟು ಹತ್ತಿರ ತರುವುದು ಮತ್ತು ಬಿಸಿನೀರಿನ ಕೊಳವೆಗೆ ಶಾಖ ಉಳಿಸುವ ಹೊದಿಕೆ ಹಾಕುವುದು, ಕೊಳವೆಯ ದಪ್ಪದಷ್ಟೇ ಮುಖ್ಯ ತೀರ್ಮಾನಗಳು.

ಬಿಸಿನೀರಿನ ಪ್ರಮಾಣವನ್ನು ಅಂದಾಜಿಗೆ ಬಿಡುವ ಅಗತ್ಯವಿಲ್ಲ. ತಣ್ಣೀರು 25 ಡಿಗ್ರಿ, ಗೀಸರ್‌ನ ನೀರು 60 ಡಿಗ್ರಿ, ಮೈಗೆ ಹಿತವಾದ ನೀರು 40 ಡಿಗ್ರಿ ಎಂದಾದರೆ, 25ರಿಂದ 40ಕ್ಕೆ ಇರುವ 15 ಡಿಗ್ರಿಯನ್ನು 25ರಿಂದ 60ಕ್ಕೆ ಇರುವ 35 ಡಿಗ್ರಿಯಿಂದ ಭಾಗಿಸಬೇಕು. ಬರುವುದು 0.43. ಷವರ್‌ನಿಂದ ಬೀಳುವ ಪ್ರತಿ 100 ಲೀಟರ್‌ನಲ್ಲಿ 43 ಲೀಟರ್ ಗೀಸರ್‌ನದು ಎಂದರ್ಥ. ನಿಮಿಷಕ್ಕೆ 12 ಲೀಟರ್‌ನಂತೆ ಎಂಟು ನಿಮಿಷದ ಸ್ನಾನಕ್ಕೆ 96 ಲೀಟರ್ ನೀರು, ಅದರಲ್ಲಿ ಸುಮಾರು 41 ಲೀಟರ್ ಬಿಸಿನೀರು ಬೇಕು. ಗೀಸರ್‌ನಿಂದ ಬಿಸಿನೀರು ಹೊರಹೋದಂತೆಲ್ಲ ತಣ್ಣೀರು ಒಳಬಂದು ಬೆರೆಯುವುದರಿಂದ ಅದರ ಪೂರ್ತಿ ಸಾಮರ್ಥ್ಯ ನಮಗೆ ದಕ್ಕುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ, 25 ಲೀಟರ್‌ನ ಗೀಸರ್ ಈ ಸ್ನಾನದ ನಡುವೆಯೇ ಕೈಕೊಡುತ್ತದೆ. ತಕ್ಷಣ ಬಿಸಿ ಮಾಡುವ ಸಣ್ಣ ಗೀಸರ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 3 ಕಿಲೋವ್ಯಾಟ್‌ನ ಗೀಸರ್, ಹರಿಯುವ ನೀರನ್ನು 25ರಿಂದ 40 ಡಿಗ್ರಿಗೆ ಏರಿಸಬೇಕಾದರೆ ನಿಮಿಷಕ್ಕೆ ಹೆಚ್ಚೆಂದರೆ 3 ಲೀಟರ್‌ಗೆ ಹತ್ತಿರದಷ್ಟು ಕೊಡಬಲ್ಲದು. ಬಕೆಟ್ ತುಂಬಿಸಿಕೊಳ್ಳಲು ಅದು ಸಾಕು, ರೇನ್ ಷವರ್‌ಗೆ ಅದನ್ನು ಜೋಡಿಸುವುದು ವ್ಯರ್ಥ.

ಈಗ ನೆಲಕ್ಕೆ ಬರೋಣ. ನೀರು ಬರುವ ದಾರಿಗಿಂತ ಹೋಗುವ ದಾರಿಯೇ ಕಟ್ಟಡಕ್ಕೆ ಹೆಚ್ಚು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಬರುವ ನೀರನ್ನು ಒತ್ತಡ ತಳ್ಳುತ್ತದೆ, ಆದ್ದರಿಂದ ಅದು ಮೇಲೆ ಏರಬಲ್ಲದು, ಮೂಲೆ ತಿರುಗಬಲ್ಲದು. ಹೋಗುವ ನೀರಿಗೆ ಇಳಿಜಾರು ಬಿಟ್ಟರೆ ಬೇರೆ ಆಸರೆಯಿಲ್ಲ. ಗಾರೆಯವರು ವಾಟ ಎಂದು ಕರೆಯುವ ಈ ಇಳಿಜಾರು ಷವರ್‌ನ ನೆಲದಲ್ಲೂ, ನೆಲದಡಿಯ 50 ಮಿಲಿಮೀಟರ್ ಕೊಳವೆಯಲ್ಲೂ ಮೀಟರಿಗೆ 20 ಮಿಲಿಮೀಟರ್‌ನಷ್ಟಿರಬೇಕು. ಷವರ್‌ನ ದೂರದ ಮೂಲೆಯಿಂದ ಜಾಲರಿಗೆ 1.5 ಮೀಟರ್ ಇದ್ದರೆ ನೆಲ 30 ಮಿಲಿಮೀಟರ್ ಇಳಿಯಬೇಕು. ಜಾಲರಿಯಿಂದ ಕೆಳಕ್ಕಿಳಿಯುವ ದೊಡ್ಡ ಕೊಳವೆಗೆ 3 ಮೀಟರ್ ಇದ್ದರೆ ಇನ್ನೂ 60 ಮಿಲಿಮೀಟರ್. ಇವೆರಡಕ್ಕೆ ಜಾಲರಿಯಡಿ ದುರ್ವಾಸನೆ ತಡೆಯುವ ಟ್ರ್ಯಾಪಿನ ಆಳವನ್ನೂ, ಕೊಳವೆಯ ದಪ್ಪವನ್ನೂ, ಗಾರೆ ಮತ್ತು ಟೈಲ್ಸ್‌ನ ದಪ್ಪವನ್ನೂ ಕೂಡಿಸಿ, ಅಷ್ಟು ಜಾಗ ನೆಲದ ಮೇಲ್ಮೈಗೂ ಕಾಂಕ್ರೀಟ್ ಹಾಸಿಗೂ ನಡುವೆ ಇದೆಯೇ ಎಂದು ಅಳೆದು ನೋಡಬೇಕು. ಹಳೆಯ ಬಚ್ಚಲಿನ ಒಂದು ಮೂಲೆಯಲ್ಲಿದ್ದ ಷವರನ್ನು ಎದುರು ಗೋಡೆಗೆ ಸಾಗಿಸುವ ಚಂದದ ಯೋಜನೆಗಳು ಬಿದ್ದುಹೋಗುವುದು ಬಹುಪಾಲು ಈ ಲೆಕ್ಕದಲ್ಲಿಯೇ. ಜಾಗ ಸಾಲದಿದ್ದರೆ ವಾಟ ಕಡಿಮೆ ಮಾಡಿ ಹೊಂದಿಸುವುದು ಅತ್ಯಂತ ಕೆಟ್ಟ ರಾಜಿ. ಕೂದಲು ಮತ್ತು ಸಾಬೂನಿನ ಜಿಗುಟು ನಿಧಾನವಾಗಿ ಹರಿಯುವ ನೀರಿನಲ್ಲಿ ಅಲ್ಲಲ್ಲೇ ತಂಗುತ್ತದೆ. ಅದಕ್ಕಿಂತ ಷವರನ್ನು ಹಳೆಯ ಜಾಗದ ಹತ್ತಿರವೇ ಉಳಿಸಿಕೊಳ್ಳುವುದು, ಇಲ್ಲವೇ ಆ ಭಾಗದ ನೆಲವನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸುವುದು ಮೇಲು.

ಟ್ರ್ಯಾಪ್ ಎಂಬ ಬಾಗಿದ ಭಾಗದಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತು, ಕೊಳಚೆ ಕೊಳವೆಯ ದುರ್ವಾಸನೆಯನ್ನು ತಡೆಯುತ್ತದೆ. ಬೇರೆಲ್ಲಿಂದಲೋ ರಭಸವಾಗಿ ಇಳಿಯುವ ನೀರು ಕೊಳವೆಯೊಳಗಿನ ಗಾಳಿಯನ್ನು ತನ್ನೊಂದಿಗೆ ಎಳೆದೊಯ್ದಾಗ ಈ ನೀರೂ ಹಿಂದೆ ಹೋಗಿಬಿಡುವುದುಂಟು. ಗಾಳಿಕೊಳವೆ ಇರುವುದು ಅದಕ್ಕಾಗಿಯೇ. ಅದು ಹೊರಗಿನ ಗಾಳಿಯನ್ನು ಒಳಬಿಟ್ಟು ಎಳೆತವನ್ನು ಮುರಿಯುತ್ತದೆ. ಷವರ್‌ನ ಜಾಗ ಬದಲಾದರೆ ಅದರ ಟ್ರ್ಯಾಪು ಗಾಳಿಕೊಳವೆಯಿಂದ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಪ್ಲಂಬರ್‌ ಬಳಿ ಕೇಳಲೇಬೇಕು. ಜಾಲರಿಯ ಸಾಮರ್ಥ್ಯವೂ ಲೆಕ್ಕಕ್ಕೆ ಬರಲಿ. ನಿಮಿಷಕ್ಕೆ 32 ಲೀಟರ್ ಬೀಳುವ ಷವರ್‌ಗೆ 24 ಲೀಟರ್ ಸಾಗಿಸುವ ಜಾಲರಿ ಹಾಕಿದರೆ ಪ್ರತಿ ನಿಮಿಷಕ್ಕೆ 8 ಲೀಟರ್ ಕಾಲಡಿ ಉಳಿಯುತ್ತದೆ, ಐದು ನಿಮಿಷದಲ್ಲಿ ಅದು 40 ಲೀಟರ್. ಇನ್ನು, ನಡುವಿನ ಚೌಕ ಜಾಲರಿಗೆ ನೆಲ ನಾಲ್ಕೂ ಕಡೆಯಿಂದ ಇಳಿಯಬೇಕಾಗುವುದರಿಂದ ಅಲ್ಲಿ ಸಣ್ಣ ಟೈಲ್ಸ್ ಹಾಕಬೇಕು, ಇಲ್ಲವೇ ದೊಡ್ಡದನ್ನು ಕರ್ಣದಲ್ಲಿ ಕೊಯ್ಯಬೇಕು. ಗೋಡೆಯುದ್ದಕ್ಕೂ ಹಾಕುವ ಉದ್ದ ಜಾಲರಿಗೆ ನೆಲ ಒಂದೇ ದಿಕ್ಕಿಗೆ ಇಳಿದರೆ ಸಾಕು, ದೊಡ್ಡ ಟೈಲ್ಸ್ ಸಲೀಸಾಗಿ ಕೂರುತ್ತದೆ. ಟೈಲ್ಸ್‌ನ ಗಾತ್ರ ಮತ್ತು ಜಾಲರಿಯ ಆಕಾರವನ್ನು ಆದ್ದರಿಂದ ಒಟ್ಟಿಗೇ ತೀರ್ಮಾನಿಸಬೇಕು.

ನೀರನ್ನು ಬೆರೆಸುವ ಮಿಕ್ಸರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸಾಮಾನ್ಯ ಮಿಕ್ಸರ್ ನಾವು ತಿರುಗಿಸಿದಷ್ಟು ಬೆರೆಸುತ್ತದೆ. ಯಾರಾದರೂ ಫ್ಲಶ್ ಮಾಡಿ ತಣ್ಣೀರಿನ ಒತ್ತಡ ಕುಸಿದರೆ ಷವರ್‌ನ ನೀರು ಒಮ್ಮೆಗೇ ಸುಡುತ್ತದೆ. ಒತ್ತಡ ಸರಿದೂಗಿಸುವ ಮಿಕ್ಸರ್ ಹೀಗಾದಾಗ ಬಿಸಿನೀರನ್ನೂ ಅಷ್ಟೇ ತಗ್ಗಿಸಿ ಅನುಪಾತವನ್ನು ಕಾಯುತ್ತದೆ, ಆದರೆ ಗೀಸರ್‌ನ ನೀರೇ ಮೆಲ್ಲಗೆ ತಣ್ಣಗಾಗುತ್ತಿದ್ದರೆ ಅದು ಅರಿಯದು. ಥರ್ಮೋಸ್ಟಾಟಿಕ್ ಮಿಕ್ಸರ್‌ನಲ್ಲಿ ಮೇಣ ತುಂಬಿದ ಒಂದು ಸಣ್ಣ ಭಾಗವಿದ್ದು, ಬೆರೆತ ನೀರಿನ ಬಿಸಿಗೆ ತಕ್ಕಂತೆ ಹಿಗ್ಗಿ ಕುಗ್ಗಿ ಎರಡೂ ನೀರಿನ ಪ್ರಮಾಣವನ್ನು ತಾನೇ ಬದಲಿಸುತ್ತದೆ. ಗೀಸರ್‌ನ ನೀರನ್ನು 60 ಡಿಗ್ರಿಯಲ್ಲಿಡುವುದಕ್ಕೆ ಕಾರಣವಿದೆ: ಅದಕ್ಕಿಂತ ಸಾಕಷ್ಟು ಕಡಿಮೆ ಬಿಸಿಯ, ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ ಅದೇ 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಟ್ಟುಹೋಗುತ್ತದೆ. ಮಕ್ಕಳಾಗಲಿ ವಯಸ್ಸಾದವರಾಗಲಿ ಇರುವ ಮನೆಯಲ್ಲಿ ಬೇರೆ ಯಾವ ಖರ್ಚನ್ನು ಕಡಿತ ಮಾಡಿದರೂ ಥರ್ಮೋಸ್ಟಾಟಿಕ್ ಮಿಕ್ಸರ್‌ನ ಖರ್ಚನ್ನು ಕಡಿತ ಮಾಡಬಾರದು.

ಯಾವ ಮಿಕ್ಸರ್ ಆದರೂ ಬಿಸಿ ಮತ್ತು ತಣ್ಣೀರು ಹೆಚ್ಚುಕಡಿಮೆ ಒಂದೇ ಒತ್ತಡದಲ್ಲಿ ಬಂದರೆ ಚೆನ್ನಾಗಿ ನಡೆಯುತ್ತದೆ. ತಣ್ಣೀರಿನ ಕೊಳವೆಗೆ ಮಾತ್ರ ಪಂಪ್ ಜೋಡಿಸಿ, ಬಿಸಿನೀರನ್ನು ಟ್ಯಾಂಕಿನ ಎತ್ತರಕ್ಕೇ ಬಿಟ್ಟರೆ, ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರ್ ಮೂಲಕ ಬಿಸಿನೀರಿನ ಕೊಳವೆಗೇ ನುಗ್ಗುತ್ತದೆ. ಮಿಕ್ಸರನ್ನು ತೆರೆದೇ ಇಟ್ಟು ಕೈಷವರ್‌ನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸುವ ಮನೆಗಳಲ್ಲಿ ಇದು ಯಾರಿಗೂ ತಿಳಿಯದಂತೆ ಗಂಟೆಗಟ್ಟಲೆ ನಡೆಯುತ್ತಿರಬಹುದು. ಎರಡೂ ಕೊಳವೆಗಳಲ್ಲಿ ನೀರು ಹಿಂದೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಹಾಕುವುದರಿಂದ ಈ ತೊಂದರೆ ತಪ್ಪುತ್ತದೆ. ಹಾಗೆಯೇ ಷವರ್‌ಗೆಂದೇ ಪ್ರತ್ಯೇಕವಾಗಿ ನೀರು ನಿಲ್ಲಿಸುವ ಎರಡು ಸ್ಟಾಪ್ ಕಾಕ್‌ಗಳು ಕೈಗೆಟಕುವ ಕಡೆ ಇದ್ದರೆ, ಮುಂದೊಂದು ದಿನ ಮಿಕ್ಸರಿನೊಳಗಿನ ಕಾರ್ಟ್ರಿಡ್ಜ್ ಎಂಬ ಬಿಡಿಭಾಗ ಬದಲಿಸಲು ಇಡೀ ಮನೆಯ ನೀರು ನಿಲ್ಲಿಸಬೇಕಾಗುವುದಿಲ್ಲ.

ಮಿಕ್ಸರಿನ ಮೈ ಗೋಡೆಯೊಳಗೆ ಎಷ್ಟು ಆಳದಲ್ಲಿ ಕೂರಬೇಕು ಎಂಬುದೇ ಈ ಕೆಲಸದಲ್ಲಿ ಅತಿ ಹೆಚ್ಚು ಎಡವುವ ಜಾಗ. ಅದಕ್ಕೆ ತೊಡಿಸಿ ಬರುವ ಪ್ಲಾಸ್ಟಿಕ್ ಕವಚದ ಮೇಲೆ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಟೈಲ್ಸ್‌ನ ಹೊರಮೈ ಆ ಎರಡು ಗೆರೆಗಳ ನಡುವೆ ಬರಬೇಕು. ಪ್ಲಂಬರ್ ಬರುವ ದಿನ ಎದುರಿಗಿರುವುದು ಬರಿಯ ಇಟ್ಟಿಗೆ. ಅದರ ಮೇಲೆ 12 ಮಿಲಿಮೀಟರ್ ಗಾರೆ, 2 ಮಿಲಿಮೀಟರ್ ಜಲನಿರೋಧಕ, 4 ಮಿಲಿಮೀಟರ್ ಅಂಟು, 10 ಮಿಲಿಮೀಟರ್ ಟೈಲ್ಸ್ ಬರುವುದಾದರೆ, ಇಟ್ಟಿಗೆಯಿಂದ 28 ಮಿಲಿಮೀಟರ್ ಮುಂದೆ ಕಣ್ಣಿಗೆ ಕಾಣದ ಒಂದು ಗೋಡೆ ಇದೆಯೆಂದು ಭಾವಿಸಿ ಅಳೆಯಬೇಕು. ಅನುಭವಿ ಕೆಲಸಗಾರರು ಭಾವನೆಯನ್ನು ನಂಬುವುದಿಲ್ಲ. ಅದೇ ಟೈಲ್ಸ್‌ನ ಎರಡು ಚೂರುಗಳನ್ನು ಗಾರೆಯ ಮುದ್ದೆಯ ಮೇಲೆ ಮಿಕ್ಸರಿನ ಆಚೆ ಈಚೆ ಒತ್ತಿ, ತೂಗುಗುಂಡು ಬಿಟ್ಟು ಮಟ್ಟ ನೋಡಿ, ಚೂರಿನಿಂದ ಚೂರಿಗೆ ದಾರ ಎಳೆದು, ಆ ದಾರ ಕವಚದ ಎರಡು ಗೆರೆಗಳ ನಡುವೆ ಹಾಯುತ್ತದೆಯೇ ಎಂದು ನೋಡಿದ ಮೇಲೆಯೇ ಮಿಕ್ಸರನ್ನು ಬಿಗಿಯುತ್ತಾರೆ. ಮಿಕ್ಸರ್ ಹೆಚ್ಚು ಒಳಗೆ ಹೋದರೆ ಹಿಡಿಕೆ ಅದರ ಕಡ್ಡಿಗೆ ಎಟುಕದು. ಹೆಚ್ಚು ಹೊರಗೆ ಬಂದರೆ ಮುಚ್ಚಳ ಗೋಡೆಗೆ ಕೂರದೆ ಸಂದು ಉಳಿದು, ಅಲ್ಲಿಂದ ನೀರು ಒಳಗಿಳಿಯುತ್ತದೆ. ಆದುದರಿಂದ ಟೈಲ್ಸ್ ಯಾವುದೆಂದು ನಿರ್ಧಾರವಾಗುವ ಮುನ್ನ ಮಿಕ್ಸರ್ ಕೂರಿಸಲು ಹೊರಡಬಾರದು.

ಗೋಡೆಯ ಬಲವೂ ಈ ಆಳಕ್ಕೆ ಮಿತಿ ಹಾಕುತ್ತದೆ. ಇಟ್ಟಿಗೆ ಗೋಡೆಯಲ್ಲಿ ನಿಲುವಾದ ಕೊರೆತ ದಪ್ಪದ ಮೂರನೆಯ ಒಂದು ಭಾಗವನ್ನೂ, ಅಡ್ಡ ಕೊರೆತ ಆರನೆಯ ಒಂದು ಭಾಗವನ್ನೂ ಮೀರಬಾರದೆಂಬುದು ಕಟ್ಟಡದ ಕೆಲಸದಲ್ಲಿ ಪಾಲಿಸಿಕೊಂಡು ಬಂದ ಅಳತೆ. 100 ಮಿಲಿಮೀಟರ್ ಗೋಡೆಗೆ ಇದು ನಿಲುವಿನಲ್ಲಿ 33, ಅಡ್ಡಕ್ಕೆ 16 ಮಿಲಿಮೀಟರ್; ಮುಚ್ಚಿಡುವ ಡೈವರ್ಟರ್‌ಗೆ ಅದು ಎಲ್ಲಿಯೂ ಸಾಲದು. ಇಂಥ ಕಡೆ ಗೋಡೆಯನ್ನು ಕೆತ್ತುವ ಬದಲು ಅದರ ಮುಂದೆ ಇನ್ನೊಂದು ತೆಳು ಗೋಡೆ ಎಬ್ಬಿಸಿ ಕೊಳವೆಗಳನ್ನು ಆ ಸಂದಿನಲ್ಲಿ ಇಳಿಸಬಹುದು. ಅದೇ ಗೋಡೆಯ ಮೇಲ್ತುದಿ ಶಾಂಪೂ ಇಡುವ ಕಟ್ಟೆಯೂ ಆಗುತ್ತದೆ. ಕೊಳವೆಗಳನ್ನು ಓರೆಯಾಗಿ ಎಳೆಯದೆ ನೇರವಾಗಿ ನಿಲುವಿನಲ್ಲೇ ಒಯ್ಯಬೇಕು. ನಾಳೆ ಟವೆಲ್ ಕಂಬಿಗೆ ತೂತು ಕೊರೆಯುವವರು ಕೊಳವೆ ಎಲ್ಲಿದೆ ಎಂದು ಊಹಿಸಲು ಆಗ ಸಾಧ್ಯ.

ಎತ್ತರಗಳನ್ನು ಬೇಗ ಹೇಳಿಬಿಡಬಹುದು. ಹಿಡಿಕೆ ನೆಲದಿಂದ 1 ಮೀಟರ್ ಆಸುಪಾಸಿನಲ್ಲಿ, ಷವರ್ ತಲೆ 2ರಿಂದ 2.1 ಮೀಟರ್‌ನಲ್ಲಿ ಇದ್ದರೆ ಹೆಚ್ಚಿನವರಿಗೆ ಸರಿಹೊಂದುತ್ತದೆ, ಆದರೆ ಈ ಅಳತೆ ಟೈಲ್ಸ್ ಹಾಕಿ ಮುಗಿದ ನೆಲದಿಂದಲೇ ಹೊರತು ಬರಿಯ ಕಾಂಕ್ರೀಟಿನಿಂದಲ್ಲ. ಹಿಡಿಕೆಯನ್ನು ಷವರ್ ತಲೆಯ ನೇರ ಕೆಳಗೆ ಹಾಕುವುದು ರೂಢಿಯಷ್ಟೇ, ನಿಯಮವಲ್ಲ. ಒಳಗೆ ಕಾಲಿಡುವ ಮುನ್ನವೇ ಕೈ ಚಾಚಿ ತೆರೆಯುವಂತೆ ಅದನ್ನು ಬಾಗಿಲಿನ ಬದಿಯ ಗೋಡೆಗೆ ತಂದರೆ, ಮೊದಲು ಬರುವ ತಣ್ಣೀರಿಗೆ ಮೈಯೊಡ್ಡುವ ಪಾಡು ಪ್ರತಿದಿನವೂ ತಪ್ಪುತ್ತದೆ.

ಕೊಳವೆಯ ವಸ್ತುವಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಸಾಮಾನ್ಯ ಪಿವಿಸಿ ಬಿಸಿನೀರಿಗೆ ಸಲ್ಲದು. ಬಿಸಿ ತಾಳುವ ಪ್ಲಾಸ್ಟಿಕ್‌ಗಳಾದ ಸಿಪಿವಿಸಿ, ಪಿಪಿಆರ್, ಪೆಕ್ಸ್, ಇಲ್ಲವೇ ತಾಮ್ರ ಇವುಗಳಲ್ಲಿ ಯಾವುದಾದರೂ ಆಗಬಹುದು, ಪ್ಲಂಬರ್‌ಗೆ ಕೈ ಪಳಗಿದ್ದನ್ನೇ ಆರಿಸುವುದು ಉತ್ತಮ. ಪ್ಲಾಸ್ಟಿಕ್ ಕೊಳವೆ ಬಿಸಿಗೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಸಿಪಿವಿಸಿ 40 ಡಿಗ್ರಿ ಬಿಸಿ ಏರಿದಾಗ ಸುಮಾರು 8 ಮಿಲಿಮೀಟರ್ ಬೆಳೆಯುವುದರಿಂದ, ಅದನ್ನು ಎರಡೂ ತುದಿಗಳಲ್ಲಿ ಗಾರೆಯಿಂದ ಬಿಗಿದು ಬಂಧಿಸಬಾರದು. ಷವರ್ ತಿರುಪು ಕೂರುವ ಜಾಗದಲ್ಲಿ ಮಾತ್ರ ಹಿತ್ತಾಳೆಯ ತಿರುಪುಸುತ್ತುಗಳುಳ್ಳ ಎಲ್ಬೋ ಹಾಕಿ, ಅದನ್ನು ಗೋಡೆಗೆ ಗಟ್ಟಿಯಾಗಿ ತಿರುಪಿನಿಂದ ಕಚ್ಚಿಸಬೇಕು.

ಇಷ್ಟೆಲ್ಲ ಆದ ಮೇಲೆ, ಗೋಡೆ ಮುಚ್ಚುವ ಮುನ್ನ ಎರಡು ಪರೀಕ್ಷೆಗಳಿವೆ. ತೆರೆದ ತುದಿಗಳಿಗೆಲ್ಲ ಮುಚ್ಚಳ ಹಾಕಿ, ಕೈಪಂಪಿನಿಂದ ಕೊಳವೆಗಳಲ್ಲಿ ದಿನನಿತ್ಯದ ಒತ್ತಡದ ಒಂದೂವರೆ ಪಟ್ಟು ತುಂಬಿ, ಗೇಜಿನ ಮುಳ್ಳು ಕೆಲವು ಗಂಟೆಗಳ ಕಾಲ ಇಳಿಯದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಮಿಕ್ಸರ್ ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಬೇಕು. ಎರಡನೆಯದು ನೆಲಕ್ಕೆ. ಟೈಲ್ಸ್ ಮತ್ತು ಅದರ ಸಂದಿನ ಗ್ರೌಟ್ ನೀರನ್ನು ತಡೆಯುತ್ತವೆ ಎಂಬ ನಂಬಿಕೆ ತಪ್ಪು. ತಡೆಯುವುದು ಕೆಳಗಿನ ಜಲನಿರೋಧಕ ಪದರ. ಆದ್ದರಿಂದ ಆ ಪದರ ಒಣಗಿದ ಮೇಲೆ ಜಾಲರಿಗೆ ಬಿರಡೆ ಹಾಕಿ, ನೆಲದಲ್ಲಿ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, 24 ಗಂಟೆಯ ನಂತರ ಗೆರೆಯನ್ನೂ ಕೆಳಗಿನ ಮಹಡಿಯ ಸೂರನ್ನೂ ನೋಡಬೇಕು. ಕೆಲಸದ ಆತುರದಲ್ಲಿ ಈ ಒಂದು ದಿನವನ್ನು ಬಿಟ್ಟುಕೊಡಿ ಎಂದು ಯಾರೇ ಕೇಳಿದರೂ ಒಪ್ಪಬೇಡಿ.

ಗಾರೆ ಬೀಳುವ ಮುನ್ನ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು, ಕೊಳವೆಗಳು ಮೂಲೆಯಿಂದ ಎಷ್ಟು ದೂರದಲ್ಲಿವೆ ಎಂಬುದು ಓದಲು ಬರುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಟೈಲ್ಸ್ ಮುಗಿದು ಷವರ್ ತಲೆ ಸಿಕ್ಕಿಸುವ ದಿನ, ಸಿಕ್ಕಿಸುವುದಕ್ಕೆ ಮೊದಲು, ಆ ತುದಿಯಿಂದ ಒಂದೆರಡು ಬಕೆಟ್ ನೀರು ಸುಮ್ಮನೆ ಹರಿಯಬಿಡಿ. ಬಕೆಟಿನ ತಳದಲ್ಲಿ ಮರಳು, ಕೊಳವೆ ಕೊಯ್ದಾಗ ಉದುರಿದ ಪ್ಲಾಸ್ಟಿಕ್ ಚೂರು, ಟೆಫ್ಲಾನ್ ಟೇಪಿನ ಬಿಳಿ ಎಳೆಗಳು ಕಾಣುತ್ತವೆ. ನೀರು ತಿಳಿಯಾದ ಮೇಲೆ ಷವರ್ ತಲೆಯನ್ನು ತಿರುಗಿಸಿ ಕೂರಿಸಿ.